ಪ್ರಾಸ್ಟೇಟ್ ಚಿಕಿತ್ಸೆ: ಯಾವ ತಕ್ಕಡಿಯಲ್ಲಿ ತೂಗುವುದು?

ಕಳೆದ ಮಳೆಗಾಲದ ಒಂದು ರಾತ್ರಿ ಬೈಂದೂರಿನ ಒಳಭಾಗದ ನೆಂಟರ ಮನೆಯಿಂದ ದೂರವಾಣಿ ಕರೆ ಬಂತು. ನಾನು ಮಾವ ಎಂದು ಕರೆಯುವ, ಎಪ್ಪತ್ತರ ಆಸುಪಾಸಿನ ಹಿರಿಯರಿಗೆ ಮಧ್ಯಾಹ್ನದಿಂದ ಒಂದು ತೊಟ್ಟು ಮೂತ್ರ ಹೋಗಿರಲಿಲ್ಲ. ಎರಡು ದಿನಗಳಿಂದ ಶೀತವಾಗಿ, ಅಂಗಡಿಯಿಂದ ತಂದ ಶೀತದ ಮಾತ್ರೆ ನುಂಗುತ್ತಿದ್ದರು. ಈಗ ಕೆಳಹೊಟ್ಟೆ ಉಬ್ಬಿ, ಕೂರಲಾರದೆ ನಿಲ್ಲಲಾರದೆ ಒದ್ದಾಡುತ್ತಿದ್ದರು. ನೆರೆಮನೆಯವರು ಬಂದು "ಹ್ವಾಯ್, ಬಾರ್ಲಿ ನೀರ್ ಕುಡಿನಿ, ಸಮಾ ಆತ್ತ್" ಎಂದು ಧೈರ್ಯ ಹೇಳಿದ್ದರು. ಎರಡು ಲೋಟ ಬಾರ್ಲಿ ನೀರು, ಒಂದು ಬೊಂಡ ಒಳಗೆ ಹೋಗಿತ್ತು. ಹೊರಗೆ ಏನೂ ಬಂದಿರಲಿಲ್ಲ. ಮಳೆಯಲ್ಲಿ ವಾಹನ ಹೊಂದಿಸಿ ಕುಂದಾಪುರ ತಲಪುವಾಗ ನಡುರಾತ್ರಿ. ಆಸ್ಪತ್ರೆಯಲ್ಲಿ ಕ್ಯಾಥೆಟರ್, ಅಂದರೆ ಜನ 'ಪೈಪು' ಎನ್ನುವ ಮೆದು ಕೊಳವೆಯನ್ನು ಹಾಕಿದೊಡನೆ 900 ಮಿಲಿಲೀಟರ್ ಮೂತ್ರ ಇಳಿಯಿತು. ನೋವೂ ಇಳಿಯಿತು.

ಅಸಲು ಗೊಂದಲ ಆರಂಭವಾದುದು ಮರುದಿನದಿಂದ. ಸ್ಕ್ಯಾನ್ ವರದಿಯಲ್ಲಿ ಪ್ರಾಸ್ಟೇಟ್ ಗ್ರಂಥಿ 46 ಗ್ರಾಂ ಎಂದಿತ್ತು. "ಇಷ್ಟು ದೊಡ್ಡದಾದ ಮೇಲೆ ಆಪರೇಷನ್ ಆಗಲೇಬೇಕು" ಎಂದರು ಒಬ್ಬರು. "ಮಾತ್ರೆಯಲ್ಲೇ ಕರಗುತ್ತದೆ" ಎಂದರು ಇನ್ನೊಬ್ಬರು. "ಶಸ್ತ್ರಚಿಕಿತ್ಸೆಯಿಲ್ಲದೆ ಗುಣ" ಎಂಬ ಜಾಹೀರಾತಿನ ತುಂಡನ್ನು ಮಗದೊಬ್ಬರು ತಂದುಕೊಟ್ಟರು. ಬೆಂಗಳೂರಿನಿಂದ ಮಗ "ಮಾಡಿಸುವುದಾದರೆ ಲೇಸರೇ ಮಾಡಿಸೋಣ" ಎಂದ. ಹೇಳಿದವರೆಲ್ಲರೂ ಹಿತೈಷಿಗಳೇ. ಆದರೆ ಪ್ರತಿಯೊಂದು ಸಲಹೆಯ ಹಿಂದೆ ಒಂದು ವಾದವಿದೆ. ವಿಜ್ಞಾನದ ವಿದ್ಯಾರ್ಥಿ ಒಂದು ಪ್ರಮೇಯದ ಸಾಧನೆಯನ್ನು ಹೇಗೆ ಹೆಜ್ಜೆಹೆಜ್ಜೆಯಾಗಿ ಪರೀಕ್ಷಿಸುತ್ತಾನೋ ಹಾಗೆ ಈ ವಾದಗಳನ್ನು ಪರೀಕ್ಷಿಸುವುದು ಪ್ರಸ್ತುತ ಲೇಖನದ ಉದ್ದೇಶ. ಇದು ವೈದ್ಯರ ಸಲಹೆಗೆ ಬದಲಿ ಅಲ್ಲ; ವೈದ್ಯರ ಮುಂದೆ ಕುಳಿತಾಗ ಏನನ್ನು ಕೇಳಬೇಕೆಂಬುದಕ್ಕೆ ಸಿದ್ಧತೆ.

ಗ್ರಂಥಿ, ನಾಳ, ಸ್ನಾಯು

ಪುರುಷರಲ್ಲಿ ಮೂತ್ರಾಶಯದ ಕೆಳಗೆ, ಮೂತ್ರ ಹೊರಹೋಗುವ ನಾಳವನ್ನು ಸುತ್ತುವರಿದು ಪ್ರಾಸ್ಟೇಟ್ ಗ್ರಂಥಿ ಇದೆ. ವೀರ್ಯದ ದ್ರವಭಾಗದ ಒಂದಂಶವನ್ನು ಸ್ರವಿಸುವುದು ಇದರ ಕೆಲಸ. ಯೌವನದಲ್ಲಿ ಇದರ ತೂಕ ಸುಮಾರು 20 ಗ್ರಾಂ; ಗಾತ್ರ ಸಿಪ್ಪೆ ಬಿಡಿಸದ ಸಣ್ಣ ಅಡಿಕೆಯಷ್ಟು. ವಯಸ್ಸಾದಂತೆ ನಾಳದ ಸುತ್ತಲಿನ ಭಾಗ ಬೆಳೆಯತೊಡಗುತ್ತದೆ. ಐವತ್ತರ ದಶಕದ ಪುರುಷರಲ್ಲಿ ಸುಮಾರು ಅರ್ಧದಷ್ಟು ಮಂದಿಯಲ್ಲಿ, ಎಂಬತ್ತು ದಾಟಿದವರಲ್ಲಿ ಬಹುಪಾಲು ಮಂದಿಯಲ್ಲಿ ಈ ಬೆಳವಣಿಗೆಯನ್ನು ಸೂಕ್ಷ್ಮದರ್ಶಕದಲ್ಲಿ ಕಾಣಬಹುದು. ಇದು ಕ್ಯಾನ್ಸರ್ ಅಲ್ಲ, ಕ್ಯಾನ್ಸರ್ ಆಗಿ ಮಾರ್ಪಡುವುದೂ ಇಲ್ಲ. ಆದರೆ ಎರಡೂ ಒಬ್ಬರಲ್ಲೇ ಇರಬಹುದಾದ್ದರಿಂದ ಪರೀಕ್ಷೆ ಅಗತ್ಯ.

ತಡೆ ಎರಡು ವಿಧದಲ್ಲಿ ಉಂಟಾಗುತ್ತದೆ. ಒಂದು, ಬೆಳೆದ ಅಂಗಾಂಶ ನಾಳವನ್ನು ಒತ್ತುವುದರಿಂದ. ಎರಡು, ಗ್ರಂಥಿಯಲ್ಲೂ ಮೂತ್ರಾಶಯದ ಕತ್ತಿನಲ್ಲೂ ಇರುವ ನಯಸ್ನಾಯು ಬಿಗಿಯುವುದರಿಂದ. ಈ ಸ್ನಾಯುವನ್ನು ಬಿಗಿಗೊಳಿಸುವ ಸಂಕೇತವನ್ನು ಆಲ್ಫಾ ಗ್ರಾಹಿಗಳು ಸ್ವೀಕರಿಸುತ್ತವೆ. ಮೂರನೆಯ ಪಾತ್ರಧಾರಿ ಮೂತ್ರಾಶಯದ ಗೋಡೆಯ ಸ್ನಾಯು. ತಡೆಯ ವಿರುದ್ಧ ವರ್ಷಗಟ್ಟಲೆ ದುಡಿದು ಅದು ಮೊದಲು ದಪ್ಪವಾಗುತ್ತದೆ, ಬಳಿಕ ಸೋಲುತ್ತದೆ.

ಈಗ ಮಾವನ ಶೀತದ ಮಾತ್ರೆಯನ್ನು ನೋಡಿ. ಇಂಥ ಅನೇಕ ಮಾತ್ರೆಗಳಲ್ಲಿ ಫಿನೈಲೆಫ್ರಿನ್ ಮತ್ತು ಕ್ಲೋರ್‌ಫೆನಿರಮಿನ್ ಎಂಬ ಎರಡು ಔಷಧಗಳು ಜೊತೆಗಿರುತ್ತವೆ. ಮೊದಲನೆಯದು ಮೂಗಿನ ರಕ್ತನಾಳಗಳನ್ನು ಆಲ್ಫಾ ಗ್ರಾಹಿಗಳ ಮೂಲಕವೇ ಸಂಕುಚಿಸುತ್ತದೆ. ಅದೇ ಸಂಕೇತ ಮೂತ್ರಾಶಯದ ಕತ್ತನ್ನೂ ಬಿಗಿಯುತ್ತದೆ. ಎರಡನೆಯದು ಮೂತ್ರಾಶಯದ ಸಂಕೋಚನವನ್ನು ದುರ್ಬಲಗೊಳಿಸುತ್ತದೆ. ಬಾಗಿಲು ಬಿಗಿಯಿತು, ತಳ್ಳುವ ಕೈ ಸೋತಿತು. ಮಲಬದ್ಧತೆ, ಮದ್ಯ, ಬೇರಾವುದೋ ಶಸ್ತ್ರಚಿಕಿತ್ಸೆ, ದೂರಪ್ರಯಾಣದಲ್ಲಿ ಬಹಳ ಹೊತ್ತು ತಡೆದುಕೊಳ್ಳುವುದು ಇವೂ ಮೂತ್ರ ಕಟ್ಟಲು ನೆಪಗಳಾಗುತ್ತವೆ.

ಬಾರ್ಲಿ ನೀರಿನ ವಾದ

"ನೀರು ಹೆಚ್ಚು ಕುಡಿದರೆ ಒತ್ತಡ ಹೆಚ್ಚಿ ಮೂತ್ರ ತಾನಾಗಿ ಹೊರಬರುತ್ತದೆ" ಎಂಬುದು ಇದರ ತರ್ಕ. ಲೆಕ್ಕ ಹಾಕಿ ನೋಡಿ. ದಿನಕ್ಕೆ ಒಂದೂವರೆ ಲೀಟರ್ ಮೂತ್ರ ತಯಾರಾಗುವ ದೇಹದಲ್ಲಿ ಗಂಟೆಗೆ ಸುಮಾರು 60 ಮಿಲಿಲೀಟರ್ ಸೇರುತ್ತದೆ. ಮೂತ್ರಾಶಯ 400ರಿಂದ 500 ಮಿಲಿಲೀಟರ್‌ಗೆ ತುಂಬಿದಂತಾಗುತ್ತದೆ. ಹೊರದಾರಿ ಮುಚ್ಚಿದಾಗ ಬಾರ್ಲಿ ನೀರು, ಬೊಂಡ, ಬಾಳೆದಿಂಡಿನ ರಸ ಯಾವುದನ್ನು ಕುಡಿದರೂ ಒಳಹರಿವು ಮಾತ್ರ ಹೆಚ್ಚುತ್ತದೆ. ಹಿಗ್ಗಿದ ಸ್ನಾಯು ಎಳೆದ ರಬ್ಬರಿನಂತೆ ಶಕ್ತಿಗುಂದುತ್ತದೆ. ಮೂತ್ರ ಸರಾಗವಾಗಿ ಹೋಗುತ್ತಿರುವವರಿಗೆ ಒಳ್ಳೆಯದಾದ ಪಾನೀಯ, ಕಟ್ಟಿಕೊಂಡವರಿಗೆ ಹಿಂಸೆ. ನೋವಿನಿಂದ ಹಠಾತ್ತನೆ ಮೂತ್ರ ಕಟ್ಟುವುದು ತುರ್ತುಸ್ಥಿತಿ. ಅದಕ್ಕೆ ಕ್ಯಾಥೆಟರ್ ಒಂದೇ ಮೊದಲ ಉಪಚಾರ. ಉಳಿದ ಆಯ್ಕೆಗಳ ಮಾತು ಆ ಬಳಿಕ.

ಇದಕ್ಕಿಂತ ಮೋಸದ ಸ್ಥಿತಿ ಇನ್ನೊಂದಿದೆ. ಕೆಲವರಲ್ಲಿ ಮೂತ್ರ ಸ್ವಲ್ಪಸ್ವಲ್ಪವೇ ಉಳಿಯುತ್ತ, ನೋವಿಲ್ಲದೆ ಮೂತ್ರಾಶಯ ಹಿಗ್ಗುತ್ತದೆ. ತುಂಬಿದ ಕೊಡದಿಂದ ಚೆಲ್ಲಿದಂತೆ ಮೂತ್ರ ಹನಿಯುತ್ತಿರುತ್ತದೆ. "ಹೋಗುತ್ತಿದೆಯಲ್ಲ" ಎಂದು ಮನೆಯವರು ಸುಮ್ಮನಿರುತ್ತಾರೆ. ಅಷ್ಟರಲ್ಲಿ ಹಿಂದಿನೊತ್ತಡದಿಂದ ಮೂತ್ರಪಿಂಡಗಳು ಕೆಡುತ್ತವೆ. ರಾತ್ರಿ ಹಾಸಿಗೆ ಒದ್ದೆಯಾಗತೊಡಗಿದ ವೃದ್ಧರನ್ನು "ವಯಸ್ಸಾಯಿತು" ಎಂದು ಬಿಡಬಾರದು. ಉಳಿಕೆ ಮೂತ್ರದ ಸ್ಕ್ಯಾನ್, ರಕ್ತದ ಕ್ರಿಯಾಟಿನಿನ್ ಪರೀಕ್ಷೆ ಆಗಬೇಕು.

ಗ್ರಾಮಿನ ವಾದ

"46 ಗ್ರಾಂ, ಆದ್ದರಿಂದ ಆಪರೇಷನ್." ಈ 'ಆದ್ದರಿಂದ' ಎಷ್ಟು ಗಟ್ಟಿ?

ಮೊದಲು ಆ ಅಂಕಿಯೇ ಎಲ್ಲಿಂದ ಬಂತೆಂದು ನೋಡೋಣ. ಸ್ಕ್ಯಾನ್ ಯಂತ್ರ ಗ್ರಂಥಿಯನ್ನು ತೂಗುವುದಿಲ್ಲ. ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಅಳೆದು, ಗುಣಿಸಿ, 0.52ರಿಂದ ಮತ್ತೆ ಗುಣಿಸುತ್ತಾರೆ. ಈ 0.52 ಎಂಬುದು π/6. ಗ್ರಂಥಿಯನ್ನು ದೀರ್ಘವೃತ್ತಜ ಘನವೆಂದು ಭಾವಿಸಿದಾಗ ಬರುವ ಗುಣಕ. ಒಂದೊಂದು ಅಳತೆಯೂ ನೂರಕ್ಕೆ 10ರಷ್ಟು ಹೆಚ್ಚಾದರೆ ಗಾತ್ರ 1.1 × 1.1 × 1.1, ಅಂದರೆ 1.33 ಪಟ್ಟು ಆಗುತ್ತದೆ. 35 ಗ್ರಾಮಿನ ಗ್ರಂಥಿ ವರದಿಯಲ್ಲಿ 46 ಆಗಲು ಅಷ್ಟು ಸಾಕು. ಘನದ ಲೆಕ್ಕದಲ್ಲಿ ದೋಷ ಹೇಗೆ ಬೆಳೆಯುತ್ತದೆಂದು ಪ್ರೌಢಶಾಲೆಯ ವಿದ್ಯಾರ್ಥಿಗೂ ಇದರಿಂದ ತೋರಿಸಬಹುದು.

ಅಂಕಿ ನಿಖರವೆಂದೇ ಇಟ್ಟುಕೊಳ್ಳಿ. ಹರಿವನ್ನು ನಿರ್ಧರಿಸುವುದು ಗ್ರಂಥಿಯ ತೂಕವಲ್ಲ, ನಾಳದ ಒಳದಾರಿ. ಪ್ವಾಸೇಯ ನಿಯಮದಂತೆ, ಗಡುಸಾದ ಕೊಳವೆಯಲ್ಲಿ ಹರಿವು ತ್ರಿಜ್ಯದ ನಾಲ್ಕನೆಯ ಘಾತಕ್ಕೆ ಅನುಪಾತದಲ್ಲಿರುತ್ತದೆ. ತ್ರಿಜ್ಯ ಅರ್ಧವಾದರೆ ಹರಿವು ಹದಿನಾರರಲ್ಲಿ ಒಂದು ಪಾಲು. ನಾಳ ಗಡುಸು ಕೊಳವೆಯಲ್ಲ, ಆದ್ದರಿಂದ ಈ ಲೆಕ್ಕವನ್ನು ಅಕ್ಷರಶಃ ಅನ್ವಯಿಸಬಾರದು. ದಿಕ್ಕು ಮಾತ್ರ ಸರಿ. ಹೊರಮುಖವಾಗಿ ಬೆಳೆದ 80 ಗ್ರಾಮಿನ ಗ್ರಂಥಿ ಹೆಚ್ಚು ತೊಂದರೆ ಕೊಡದಿರಬಹುದು. ಮೂತ್ರಾಶಯದ ಬಾಯೊಳಗೆ ನಾಲಗೆಯಂತೆ ಚಾಚಿದ 30 ಗ್ರಾಮಿನದು ದಾರಿಯನ್ನೇ ಮುಚ್ಚಬಹುದು.

ಹಾಗಾದರೆ ಗ್ರಾಂ ನಿರುಪಯುಕ್ತವೇ? ಅಲ್ಲ. ದೊಡ್ಡ ಗ್ರಂಥಿಯವರಲ್ಲಿ ಮುಂದೆ ಮೂತ್ರ ಕಟ್ಟುವ ಸಂಭವ ಹೆಚ್ಚು. ಯಾವ ಮಾತ್ರೆ ಫಲಿಸೀತು, ಯಾವ ವಿಧದ ಶಸ್ತ್ರಚಿಕಿತ್ಸೆ ಸೂಕ್ತ ಎಂಬುದನ್ನೂ ಗಾತ್ರ ಸೂಚಿಸುತ್ತದೆ. 'ಯಾವುದು' ಎಂಬ ಪ್ರಶ್ನೆಗೆ ಅದು ನೆರವು. 'ಬೇಕೇ' ಎಂಬ ಪ್ರಶ್ನೆಗೆ ಉತ್ತರವಲ್ಲ. 'ಬೇಕೇ' ಎಂಬುದಕ್ಕೆ ಸಾಧನ ಬೇರೆ ಇದೆ. ಅಂತಾರಾಷ್ಟ್ರೀಯ ಪ್ರಾಸ್ಟೇಟ್ ಲಕ್ಷಣಾಂಕ ಎಂಬ ಪ್ರಶ್ನಾವಳಿಯಲ್ಲಿ ಏಳು ಪ್ರಶ್ನೆಗಳಿವೆ. ಒಟ್ಟು ಅಂಕ 0ಯಿಂದ 35. ಏಳರವರೆಗೆ ಸೌಮ್ಯ, 8ರಿಂದ 19 ಮಧ್ಯಮ, 20ರ ಮೇಲೆ ತೀವ್ರ. ಎಂಟನೆಯ ಪ್ರಶ್ನೆಗೆ ಅಂಕ ಬೇರೆಯೇ: "ಜೀವನವಿಡೀ ಹೀಗೆಯೇ ಇರಬೇಕಾದರೆ ನಿಮಗೆ ಹೇಗನಿಸುತ್ತದೆ?" ಮಾವ ಅದಕ್ಕೆ ತಮ್ಮದೇ ರೀತಿಯಲ್ಲಿ ಉತ್ತರಿಸಿದರು: "ಮಾರಣಕಟ್ಟೆ ಮೇಳದ ಆಟಕ್ಕೆ ಹೋಗದೆ ಎರಡು ವರ್ಷವಾಯಿತು. ಗಳಿಗೆಗೊಮ್ಮೆ ಏಳುವುದಾದರೆ ಆಟ ನೋಡುವುದೆಂತು?" ಈ ಉತ್ತರಕ್ಕೆ 46 ಗ್ರಾಮಿಗಿಂತ ಹೆಚ್ಚು ತೂಕವಿದೆ.

ಮಾತ್ರೆಯ ವಾದ

"ಮಾತ್ರೆಯಲ್ಲೇ ಕರಗುತ್ತದೆ" ಎಂಬವರು ಎರಡು ಬೇರೆ ಔಷಧಗಳನ್ನು ಒಂದೆಂದು ಬಗೆಯುತ್ತಾರೆ.

ಟ್ಯಾಮ್ಸುಲೋಸಿನ್, ಆಲ್ಫ್ಯುಜೋಸಿನ್, ಡಾಕ್ಸಜೋಸಿನ್ ಮುಂತಾದ ಆಲ್ಫಾ ತಡೆಕಾರಿಗಳು ಬಿಗಿದ ಸ್ನಾಯುವನ್ನು ಸಡಿಲಿಸುತ್ತವೆ. ಕೆಲವೇ ದಿನಗಳಲ್ಲಿ ಪರಿಣಾಮ ತಿಳಿಯುತ್ತದೆ. ಗ್ರಂಥಿಯನ್ನು ಅವು ಕರಗಿಸುವುದಿಲ್ಲ. ಎದ್ದು ನಿಂತಾಗ ತಲೆಸುತ್ತು ಬರಬಹುದು. ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯ ವೇಳೆ ಪಾಪೆಯ ಸುತ್ತಲಿನ ಪಟಲ ಜೋಲುಬೀಳುವಂತೆ ಮಾಡುತ್ತವೆಂದು 2005ರಲ್ಲಿ ಗುರುತಿಸಲಾಯಿತು. ಆದ್ದರಿಂದ ಕಣ್ಣಿನ ಶಿಬಿರಕ್ಕೆ ಹೋಗುವ ಹಿರಿಯರು ಈ ಮಾತ್ರೆಯ ವಿಷಯವನ್ನು ಕಣ್ಣಿನ ವೈದ್ಯರಿಗೆ ಮೊದಲೇ ತಿಳಿಸಬೇಕು.

ಫಿನಾಸ್ಟರೈಡ್, ಡ್ಯುಟಾಸ್ಟರೈಡ್‌ಗಳ ದಾರಿ ಬೇರೆ. ಡೊಮಿನಿಕನ್ ಗಣರಾಜ್ಯದ ಕೆಲವು ಕುಟುಂಬಗಳಲ್ಲಿ ಒಂದು ಕಿಣ್ವದ ಆನುವಂಶಿಕ ಕೊರತೆಯಿದ್ದು, ಟೆಸ್ಟೋಸ್ಟಿರೋನ್ ಅದರ ಪ್ರಬಲ ರೂಪಕ್ಕೆ ಬದಲಾಗುವುದಿಲ್ಲವೆಂದೂ ಅಂಥವರಲ್ಲಿ ಪ್ರಾಸ್ಟೇಟ್ ಚಿಕ್ಕದಾಗಿಯೇ ಉಳಿಯುತ್ತದೆಂದೂ 1974ರಲ್ಲಿ ಜೂಲಿಯಾನ್ ಇಂಪೆರಾಟೊ-ಮೆಕ್‌ಗಿನ್ಲೆ ಮತ್ತು ಸಂಗಡಿಗರು ವರದಿ ಮಾಡಿದರು. ಆ ಕಿಣ್ವವನ್ನು ತಡೆಯುವ ಫಿನಾಸ್ಟರೈಡ್ 1992ರಲ್ಲಿ ಅಮೆರಿಕದಲ್ಲಿ ಬಳಕೆಗೆ ಬಂತು. ಇದು ಗ್ರಂಥಿಯನ್ನು ಐದನೇ ಒಂದು ಅಥವಾ ನಾಲ್ಕನೇ ಒಂದು ಪಾಲಿನಷ್ಟು ಕುಗ್ಗಿಸುತ್ತದೆ. ಅದಕ್ಕೆ ಆರು ತಿಂಗಳಾದರೂ ಬೇಕು. ಕೆಲವರಲ್ಲಿ ಲೈಂಗಿಕ ಆಸಕ್ತಿ ಕುಗ್ಗುತ್ತದೆ. ಕ್ಯಾನ್ಸರ್ ಪತ್ತೆಗೆ ಮಾಡುವ ಪಿಎಸ್ಎ ಪರೀಕ್ಷೆಯ ಅಂಕಿಯನ್ನು ಅರ್ಧಕ್ಕಿಳಿಸುವುದರಿಂದ, ಇದನ್ನು ಸೇವಿಸುವ ವಿಷಯ ಗೊತ್ತಿಲ್ಲದೆ ವರದಿ ಓದಿದರೆ ತಪ್ಪಾಗುತ್ತದೆ. ಮೂತ್ರ ಕಟ್ಟಿ ಪೈಪು ಹಾಕಿದ ವಾರದಲ್ಲಿ ಪಿಎಸ್ಎ ತಾನಾಗಿಯೇ ಏರಿರುತ್ತದೆ. ಆಗ ಮಾಡಿಸಿ ಹೆದರುವುದೂ ಅಷ್ಟೇ ತಪ್ಪು.

ಈಗ 2003ರಲ್ಲಿ ಪ್ರಕಟವಾದ, ಎಂಟಾಪ್ಸ್ ಎಂದು ಹೆಸರಾದ ಪ್ರಯೋಗವನ್ನು ನೋಡಿ. 3,047 ಪುರುಷರನ್ನು ಚೀಟಿ ಎತ್ತಿದಂತೆ ನಾಲ್ಕು ಗುಂಪು ಮಾಡಿ ಸರಾಸರಿ ನಾಲ್ಕೂವರೆ ವರ್ಷ ಗಮನಿಸಲಾಯಿತು. ಲಕ್ಷಣಾಂಕದಲ್ಲಿ ಆದ ಇಳಿಕೆ ಹೀಗಿತ್ತು: ಹುಸಿಮಾತ್ರೆಯವರಲ್ಲಿ 4.9, ಫಿನಾಸ್ಟರೈಡ್‌ನವರಲ್ಲಿ 5.6, ಡಾಕ್ಸಜೋಸಿನ್‌ನವರಲ್ಲಿ 6.6, ಎರಡನ್ನೂ ಪಡೆದವರಲ್ಲಿ 7.4. ಹಠಾತ್ತನೆ ಮೂತ್ರ ಕಟ್ಟಿದವರ ಪ್ರಮಾಣ ವರ್ಷಕ್ಕೆ ನೂರರಲ್ಲಿ ಹೀಗಿತ್ತು: ಹುಸಿಮಾತ್ರೆಯಲ್ಲಿ 0.6, ಡಾಕ್ಸಜೋಸಿನ್‌ನಲ್ಲಿ 0.4, ಫಿನಾಸ್ಟರೈಡ್‌ನಲ್ಲಿ 0.2, ಎರಡೂ ಸೇರಿದಾಗ 0.1. ಡಾಕ್ಸಜೋಸಿನ್‌ನಿಂದ ಆದ ಈ ಇಳಿಕೆ ಆಕಸ್ಮಿಕವೂ ಇರಬಹುದಾದಷ್ಟು ಚಿಕ್ಕದು.

ಎರಡು ಸಾಲುಗಳ ಕ್ರಮ ಒಂದೇ ಅಲ್ಲ ಎಂಬುದನ್ನು ಗಮನಿಸಿದಿರಾ? ತೊಂದರೆ ತಗ್ಗಿಸುವುದರಲ್ಲಿ ಮುಂದಿರುವ ಔಷಧ, ಮೂತ್ರ ಕಟ್ಟುವುದನ್ನು ತಡೆಯುವುದರಲ್ಲಿ ಹಿಂದಿದೆ. "ಯಾವ ಮಾತ್ರೆ ಒಳ್ಳೆಯದು?" ಎಂಬ ಪ್ರಶ್ನೆಗೆ ಆದ್ದರಿಂದ ಒಂದೇ ಉತ್ತರವಿಲ್ಲ. "ಯಾವ ಫಲಕ್ಕೆ?" ಎಂದು ಮರಳಿ ಕೇಳಬೇಕು. ನಮ್ಮಲ್ಲಿ ನಡೆಯುವ ಚರ್ಚೆಗಳು ದಾರಿ ತಪ್ಪುವುದು ಬಹುಪಾಲು ಇಲ್ಲಿಯೇ. ಇಂದಿನ ಕಷ್ಟ ಇಳಿಸುವುದು ಒಂದು ಗುರಿ, ನಾಳಿನ ಅಪಾಯ ತಡೆಯುವುದು ಇನ್ನೊಂದು ಗುರಿ. ಎರಡನ್ನೂ ಒಂದೇ ತಟ್ಟೆಗೆ ಹಾಕಿಬಿಡುತ್ತೇವೆ.

ಶೇಕಡಾ ಅಂಕಿಗಳ ಬಗ್ಗೆಯೂ ಎಚ್ಚರ ಬೇಕು. 1998ರಲ್ಲಿ ಪ್ರಕಟವಾದ ಇನ್ನೊಂದು ದೊಡ್ಡ ಪ್ರಯೋಗದಲ್ಲಿ, ಗ್ರಂಥಿ ದೊಡ್ಡದಾಗಿದ್ದ 3,040 ಪುರುಷರು ನಾಲ್ಕು ವರ್ಷ ಫಿನಾಸ್ಟರೈಡ್ ಅಥವಾ ಹುಸಿಮಾತ್ರೆ ಸೇವಿಸಿದರು. ಮೂತ್ರ ಕಟ್ಟುವ ಅಪಾಯ 57 ಶೇಕಡಾ ಇಳಿಯಿತು. ಇದೇ ಫಲಿತಾಂಶವನ್ನು ಇನ್ನೊಂದು ರೀತಿ ಹೇಳಬಹುದು: ನೂರರಲ್ಲಿ 7 ಮಂದಿಗೆ ಆಗುತ್ತಿದ್ದುದು 3 ಮಂದಿಗೆ ಆಯಿತು. ಅಂದರೆ 25 ಜನ ನಾಲ್ಕು ವರ್ಷ ದಿನವೂ ಮಾತ್ರೆ ನುಂಗಿದರೆ ಒಬ್ಬರಿಗೆ ಮೂತ್ರ ಕಟ್ಟುವುದು ತಪ್ಪುತ್ತದೆ. ಎರಡೂ ಹೇಳಿಕೆಗಳು ಸತ್ಯವೇ. ಮೊದಲನೆಯದು ಮಾರಾಟಕ್ಕೆ ಅನುಕೂಲ, ಎರಡನೆಯದು ತೀರ್ಮಾನಕ್ಕೆ.

'ಶಸ್ತ್ರಚಿಕಿತ್ಸೆಯಿಲ್ಲದೆ ಗುಣ'

ಮೇಲಿನ ಪ್ರಯೋಗದಲ್ಲಿ ಹುಸಿಮಾತ್ರೆಯವರ ಅಂಕವೂ 4.9 ಇಳಿದುದನ್ನು ಮತ್ತೆ ನೋಡಿ. ಡಾಕ್ಸಜೋಸಿನ್‌ನವರಲ್ಲಿ ಕಂಡ 6.6ರ ಇಳಿಕೆಯಲ್ಲಿ ಸುಮಾರು ನಾಲ್ಕನೇ ಮೂರು ಪಾಲು ಔಷಧವಿಲ್ಲದೆಯೂ ಆಗುತ್ತಿತ್ತು! ಕಾರಣ ಸರಳ. ಈ ತೊಂದರೆ ಏರಿಳಿಯುತ್ತಿರುತ್ತದೆ. ತೀರಾ ಏರಿದಾಗಲೇ ಜನ ಔಷಧ ಹುಡುಕುತ್ತಾರೆ. ಬಳಿಕ ಅದು ತಾನಾಗಿಯೂ ಸ್ವಲ್ಪ ಇಳಿಯುತ್ತದೆ. ಜೊತೆಗೆ ಚಿಕಿತ್ಸೆ ಸಿಕ್ಕಿತೆಂಬ ನಂಬಿಕೆಯ ಪಾಲೂ ಇದೆ. "ನಾನು ಕುಡಿದೆ, ನನಗೆ ಗುಣವಾಯಿತು" ಎಂಬ ಪ್ರಾಮಾಣಿಕ ಸಾಕ್ಷ್ಯ ಇದರಿಂದಾಗಿಯೇ ಪುರಾವೆಯಾಗುವುದಿಲ್ಲ.

ಇದಕ್ಕೆ ಪಾಠದಂಥ ಉದಾಹರಣೆ ಸಾ ಪಾಮೆಟ್ಟೊ ಎಂಬ ಅಮೆರಿಕದ ಕುಳ್ಳ ತಾಳೆಯ ಹಣ್ಣಿನ ಸಾರ. 1998ರಲ್ಲಿ 18 ಪ್ರಯೋಗಗಳನ್ನು ಒಟ್ಟುಗೂಡಿಸಿದ ಸಮೀಕ್ಷೆಯೊಂದು ಅದರಿಂದ ಪ್ರಯೋಜನವಿದೆ ಎಂದಿತು. ಆದರೆ ಆ ಪ್ರಯೋಗಗಳಲ್ಲಿ ಹಲವು ಸಣ್ಣವು, ಅಲ್ಪಾವಧಿಯವು. 2006ರಲ್ಲಿ 225 ಪುರುಷರ ಮೇಲೆ ಒಂದು ವರ್ಷ ನಡೆದ ಕಟ್ಟುನಿಟ್ಟಿನ ಪ್ರಯೋಗದಲ್ಲಿ ಹುಸಿಮಾತ್ರೆಗೂ ಅದಕ್ಕೂ ವ್ಯತ್ಯಾಸ ಕಾಣಲಿಲ್ಲ. "ಪ್ರಮಾಣ ಸಾಲದು" ಎಂಬ ಆಕ್ಷೇಪಕ್ಕೆ ಉತ್ತರವಾಗಿ 2011ರಲ್ಲಿ ಮೂರು ಪಟ್ಟು ಪ್ರಮಾಣದವರೆಗೆ ಕೊಟ್ಟು ನೋಡಿದರು, ಆಗಲೂ ಇಲ್ಲ. ತನ್ನ ತೀರ್ಮಾನವನ್ನು ತಿದ್ದಿಕೊಳ್ಳುವುದು ವಿಜ್ಞಾನಕ್ಕೆ ಅವಮಾನವಲ್ಲ.

ನಮ್ಮ ನೆಗ್ಗಿಲು, ಪುನರ್ನವಗಳನ್ನು ಪಾಮೆಟ್ಟೊದ ಸಾಲಿಗೆ ಸೇರಿಸಿ ತಳ್ಳಿಹಾಕಬೇಕೆಂದು ನಾನು ಹೇಳುತ್ತಿಲ್ಲ. ಒಂದು ಸಸ್ಯದ ಸೋಲು ಇನ್ನೊಂದರ ಸೋಲಲ್ಲ. ಅದೇ ರೀತಿ ಪ್ರಾಚೀನತೆ ಪುರಾವೆಯೂ ಅಲ್ಲ. ಅವುಗಳ ಮುಂದೆಯೂ ಇದೇ ಪ್ರಶ್ನೆಗಳನ್ನಿಡಬೇಕು: ಯಾವುದರೊಡನೆ ಹೋಲಿಸಿದಿರಿ, ಎಷ್ಟು ಮಂದಿಯಲ್ಲಿ, ಎಷ್ಟು ಕಾಲ? ಮೂತ್ರ ಹೆಚ್ಚಿಸುವ ಗುಣವಿದೆಯೆಂದು ಹೊಗಳುವ ಕಷಾಯ, ದಾರಿ ಮುಚ್ಚಿದವರಿಗೆ ಹೇಗೆ ಒಳ್ಳೆಯದಾದೀತೆಂದೂ ಕೇಳಬೇಕು.

ಕೊಯ್ಲೋ, ಲೇಸರೋ?

ಪೀಟರ್ ಫ್ರೇಯರ್ ಎಂಬ ಐರಿಷ್ ಶಸ್ತ್ರವೈದ್ಯರು ಭಾರತೀಯ ವೈದ್ಯಕೀಯ ಸೇವೆಯಲ್ಲಿ ಇಲ್ಲಿ ವರ್ಷಗಟ್ಟಲೆ ದುಡಿದು ಹಿಂದಿರುಗಿದ ಬಳಿಕ, 1900ರಲ್ಲಿ ಲಂಡನಿನಲ್ಲಿ ಮೂತ್ರಾಶಯವನ್ನು ತೆರೆದು ಬೆಳೆದ ಗ್ರಂಥಿಯನ್ನು ಬಿಡಿಸಿ ತೆಗೆಯುವ ವಿಧಾನವನ್ನು ರೂಢಿಗೆ ತಂದರು. 1930ರ ದಶಕದಲ್ಲಿ ಹೊಟ್ಟೆ ಕೊಯ್ಯದೆ, ನಾಳದ ಮೂಲಕ ಉಪಕರಣ ತೂರಿಸಿ ವಿದ್ಯುತ್ ಕುಣಿಕೆಯಿಂದ ಗ್ರಂಥಿಯನ್ನು ಚೂರುಚೂರಾಗಿ ಕೆರೆದು ತೆಗೆಯುವ ಕ್ರಮ ರೂಪುಗೊಂಡಿತು. ಇದೇ ಟಿಯುಆರ್‌ಪಿ. ಉಳಿದೆಲ್ಲ ವಿಧಾನಗಳನ್ನು ಇಂದಿಗೂ ಇದರೊಂದಿಗೇ ಹೋಲಿಸುತ್ತಾರೆ.

ಇಲ್ಲಿ ಭೌತಶಾಸ್ತ್ರದ ಒಂದು ಸ್ವಾರಸ್ಯವಿದೆ. ಕೆರೆಯುವಾಗ ನೋಟ ತಿಳಿಯಾಗಿರಲು ದ್ರವ ಹರಿಸುತ್ತಿರಬೇಕು. ಹಳೆಯ ಏಕಧ್ರುವ ಉಪಕರಣದಲ್ಲಿ ವಿದ್ಯುತ್ತು ಕುಣಿಕೆಯಿಂದ ದೇಹದ ಮೂಲಕ ತೊಡೆಗೆ ಅಂಟಿಸಿದ ತಟ್ಟೆಗೆ ಹೋಗುತ್ತದೆ. ಉಪ್ಪುನೀರು ವಾಹಕವಾದ್ದರಿಂದ ಅದನ್ನು ಹರಿಸಿದರೆ ವಿದ್ಯುತ್ತು ಚದುರಿ ಕುಣಿಕೆ ಕತ್ತರಿಸುವುದೇ ಇಲ್ಲ. ಹಾಗಾಗಿ ಅವಾಹಕವಾದ ಗ್ಲೈಸಿನ್ ದ್ರಾವಣ ಬಳಸುತ್ತಿದ್ದರು. ಅದು ತೆರೆದ ರಕ್ತನಾಳಗಳಿಂದ ಒಳಸೇರಿದರೆ ರಕ್ತದ ಸೋಡಿಯಂ ಕುಸಿದು ಗೊಂದಲ, ಅಪಸ್ಮಾರದವರೆಗೂ ಹೋಗುತ್ತಿತ್ತು. ದ್ವಿಧ್ರುವ ಉಪಕರಣದಲ್ಲಿ ಎರಡೂ ಧ್ರುವಗಳು ತುದಿಯಲ್ಲೇ ಇರುವುದರಿಂದ ಉಪ್ಪುನೀರನ್ನೇ ಬಳಸಬಹುದು. ಆ ಅಪಾಯ ತಪ್ಪುತ್ತದೆ. "ಲೇಸರ್ ಇದೆಯೇ?" ಎಂದು ಕೇಳುವವರು "ಏಕಧ್ರುವವೋ ದ್ವಿಧ್ರುವವೋ?" ಎಂದು ಕೇಳುವುದಿಲ್ಲ. ಎರಡನೆಯ ಪ್ರಶ್ನೆಯೂ ಅಷ್ಟೇ ಮುಖ್ಯ.

ಲೇಸರ್ ಎಂಬುದೂ ಒಂದೇ ವಸ್ತುವಲ್ಲ. ಹೋಲ್ಮಿಯಂ ಲೇಸರಿನ ತರಂಗದೂರ ಸುಮಾರು 2,100 ನ್ಯಾನೊಮೀಟರ್. ನೀರು ಅದನ್ನು ಹೀರುವುದರಿಂದ ಅರ್ಧ ಮಿಲಿಮೀಟರಿಗಿಂತ ಆಳಕ್ಕೆ ಇಳಿಯದು. ಕಿತ್ತಳೆಯ ಸಿಪ್ಪೆಯಿಂದ ತೊಳೆ ಬಿಡಿಸಿದಂತೆ ಗ್ರಂಥಿಯನ್ನು ಬಿಡಿಸಲು, ಅದರಲ್ಲೂ 80 ಗ್ರಾಮಿಗಿಂತ ದೊಡ್ಡದಾದಾಗ, ಇದು ಉತ್ತಮ ವಿಧಾನ. 532 ನ್ಯಾನೊಮೀಟರಿನ ಹಸಿರು ಲೇಸರನ್ನು ಹೀಮೊಗ್ಲೋಬಿನ್ ಹೀರುತ್ತದೆ. ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುವವರಿಗೆ ಅನುಕೂಲ. ಹಾಗೆಂದು 'ಲೇಸರ್' ಎಂಬ ಪದಕ್ಕೇ ಹೆಚ್ಚು ಬೆಲೆ ಕೊಡಬೇಕಿಲ್ಲ. ಬ್ರಿಟನ್ನಿನ ಏಳು ಆಸ್ಪತ್ರೆಗಳಲ್ಲಿ 410 ಪುರುಷರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಥೂಲಿಯಂ ಲೇಸರ್ ಮತ್ತು ಟಿಯುಆರ್‌ಪಿಗಳಿಂದ ಲಕ್ಷಣಗಳ ಇಳಿಕೆ ಒಂದೇ ಸಮನಾಗಿತ್ತು. ಮೂತ್ರದ ಹರಿವಿನ ವೇಗದಲ್ಲಿ ಹಳೆಯ ಟಿಯುಆರ್‌ಪಿಯೇ ತುಸು ಮೇಲಾಗಿತ್ತು. ಸುಮಾರು 45 ಗ್ರಾಮಿನ ಗ್ರಂಥಿಗೆ ಅನುಭವಿ ಕೈಯ ದ್ವಿಧ್ರುವ ಟಿಯುಆರ್‌ಪಿ ಯಾವ ದೃಷ್ಟಿಯಿಂದಲೂ ಎರಡನೆಯ ದರ್ಜೆಯದಲ್ಲ.

ಯಾವ ವಿಧಾನವಾದರೂ ಒಂದು ಸಂಗತಿಯನ್ನು ಸಂಕೋಚ ಬಿಟ್ಟು ಮೊದಲೇ ತಿಳಿಸಬೇಕು. ಟಿಯುಆರ್‌ಪಿ ಅಥವಾ ಲೇಸರ್ ಆದ ಹೆಚ್ಚಿನವರಲ್ಲಿ ವೀರ್ಯ ಹೊರಬರದೆ ಮೂತ್ರಾಶಯದತ್ತ ಹಿಂದೆ ಹೋಗುತ್ತದೆ. ಅಪಾಯವಿಲ್ಲ, ಆದರೆ ಹೇಳದೆ ಮಾಡಿದರೆ ಅನ್ಯಾಯ. ರಕ್ತಸ್ರಾವ, ಸೋಂಕು, ಕೆಲವರಲ್ಲಿ ನಾಳ ಮತ್ತೆ ಕಿರಿದಾಗುವುದು ಇವೂ ಲೆಕ್ಕಕ್ಕೆ ಬರಬೇಕು.

ಕಾದು ನೋಡುವುದೂ ಒಂದು ಆಯ್ಕೆ

ತೊಂದರೆ ಸಹಿಸುವಂತಿದ್ದು, ತೊಡಕುಗಳಿಲ್ಲದಿದ್ದರೆ ಕಾಯಬಹುದು. 1995ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ಮಧ್ಯಮ ತೊಂದರೆಯಿದ್ದ 556 ಪುರುಷರಲ್ಲಿ ಅರ್ಧದಷ್ಟು ಮಂದಿಗೆ ಟಿಯುಆರ್‌ಪಿ ಮಾಡಿ, ಉಳಿದವರನ್ನು ಗಮನದಲ್ಲಿಟ್ಟು ಕಾದರು. ಸುಮಾರು ಮೂರು ವರ್ಷಗಳಲ್ಲಿ ಚಿಕಿತ್ಸೆ ವಿಫಲವಾದವರು ಶಸ್ತ್ರಚಿಕಿತ್ಸೆಯ ಗುಂಪಿನಲ್ಲಿ ನೂರಕ್ಕೆ 8, ಕಾದವರಲ್ಲಿ 17. ಕಾದವರಲ್ಲಿ ನೂರಕ್ಕೆ 24 ಮಂದಿ ಆ ಅವಧಿಯಲ್ಲಿ ಶಸ್ತ್ರಚಿಕಿತ್ಸೆಗೆ ಹೋದರು. ಅಂದರೆ ಮುಕ್ಕಾಲು ಪಾಲು ಮಂದಿಗೆ ಅಷ್ಟು ಕಾಲ ಕತ್ತಿಯ ಅಗತ್ಯ ಬೀಳಲಿಲ್ಲ.

ಒಮ್ಮೆ ಮೂತ್ರ ಕಟ್ಟಿದವರಿಗೂ ಒಡನೆಯೇ ಶಸ್ತ್ರಚಿಕಿತ್ಸೆ ಅನಿವಾರ್ಯವಲ್ಲ. ಆಲ್ಫಾ ತಡೆಕಾರಿ ಕೊಟ್ಟು, ಕೆಲವು ದಿನಗಳ ಬಳಿಕ ಪೈಪು ತೆಗೆದು ನೋಡಬಹುದು. 2005ರ ಒಂದು ಪ್ರಯೋಗದಲ್ಲಿ ಹೀಗೆ ಪೈಪು ತೆಗೆದಾಗ ಆಲ್ಫ್ಯುಜೋಸಿನ್ ಪಡೆದವರಲ್ಲಿ ನೂರಕ್ಕೆ 62 ಮಂದಿಗೆ, ಹುಸಿಮಾತ್ರೆ ಪಡೆದವರಲ್ಲಿ 48 ಮಂದಿಗೆ ಮೂತ್ರ ತಾನಾಗಿ ಹೋಯಿತು. ಆದರೆ ಪದೇಪದೇ ಕಟ್ಟುವುದು, ಮೂತ್ರಾಶಯದಲ್ಲಿ ಕಲ್ಲು, ಮತ್ತೆಮತ್ತೆ ಸೋಂಕು ಅಥವಾ ರಕ್ತ ಬರುವುದು, ತಡೆಯಿಂದ ಮೂತ್ರಪಿಂಡ ಕೆಡುವುದು ಇವುಗಳಲ್ಲಿ ಒಂದಿದ್ದರೂ ಕಾಯುವ ವಾದಕ್ಕೆ ಬಲವಿಲ್ಲ.

ದೂರದ ತೂಕ

ಮೇಲಿನ ಪ್ರಯೋಗಗಳೆಲ್ಲ ಅಂಕಿ ಕೊಡುತ್ತವೆ. ಅಂಕಿಗೆ ತೂಕ ಕೊಡಬೇಕಾದವರು ನಾವು. ಈ ಹಂತದಲ್ಲಿ ಊರು ಲೆಕ್ಕಕ್ಕೆ ಬರುತ್ತದೆ.

ಮೂತ್ರರೋಗ ತಜ್ಞರ ಪೂರ್ಣ ವಿಭಾಗವಿರುವ ಮಣಿಪಾಲ ಬ್ರಹ್ಮಾವರದಿಂದ ಸುಮಾರು 15 ಕಿಲೋಮೀಟರ್, ಕುಂದಾಪುರದಿಂದ ಸುಮಾರು 40, ಬೈಂದೂರಿನಿಂದ ಸುಮಾರು 70. 2018ರಲ್ಲಿ ಬೈಂದೂರು, ಬ್ರಹ್ಮಾವರಗಳು ಪ್ರತ್ಯೇಕ ತಾಲೂಕುಗಳಾದರೂ ಕಿಲೋಮೀಟರು ಕಡಿಮೆಯಾಗಲಿಲ್ಲ. ಘಟ್ಟದ ಬುಡದ ಮನೆಯಿಂದ ಹೆದ್ದಾರಿಗೆ ಬರುವುದೇ ಮಳೆಗಾಲದ ರಾತ್ರಿಯಲ್ಲಿ ಒಂದು ಸಾಹಸ. ಇಲ್ಲಿನ ಎಷ್ಟೋ ಮನೆಗಳಲ್ಲಿ ಮಕ್ಕಳು ಬೆಂಗಳೂರು, ಮುಂಬಯಿಗಳ ಹೋಟೆಲು, ಕಚೇರಿಗಳಲ್ಲಿದ್ದು, ಊರಿನಲ್ಲಿ ಇಬ್ಬರು ಮುದುಕರೇ ಉಳಿದಿದ್ದಾರೆ.

ಪೈಪು ಹಾಕಲು ಮಣಿಪಾಲದವರೆಗೆ ಹೋಗಬೇಕಿಲ್ಲ. ಹತ್ತಿರದ ಆಸ್ಪತ್ರೆಯಲ್ಲೇ ಅದಾಗುತ್ತದೆ. ಆದರೂ "ವರ್ಷಕ್ಕೆ ನೂರರಲ್ಲಿ ಇಷ್ಟು ಮಂದಿಗೆ ಮೂತ್ರ ಕಟ್ಟುತ್ತದೆ" ಎಂಬ ಒಂದೇ ಅಂಕಿ ಬ್ರಹ್ಮಾವರ ಪೇಟೆಯವರಿಗೆ ಒಂದು ಗಂಟೆಯ ಸಂಕಟ, ಬೈಂದೂರಿನ ಕಾಡಂಚಿನ ಒಂಟಿ ಮನೆಯವರಿಗೆ ಇಡೀ ರಾತ್ರಿಯ ಸಂಕಟ. ಹಾಗಾಗಿ ಒಂದೇ ಲಕ್ಷಣಾಂಕ, ಒಂದೇ ಗಾತ್ರದ ಇಬ್ಬರಲ್ಲಿ ಒಬ್ಬರು ಕಾಯುವುದೂ ಇನ್ನೊಬ್ಬರು ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳುವುದೂ ಏಕಕಾಲಕ್ಕೆ ಸರಿಯಾಗಿರಬಹುದು. ಇದು ವಿಜ್ಞಾನದಿಂದ ಜಾರಿಕೊಳ್ಳುವ ಮಾತಲ್ಲ. ಸಂಭವವನ್ನು ಪ್ರಯೋಗ ಹೇಳುತ್ತದೆ, ಪರಿಣಾಮದ ಬೆಲೆಯನ್ನು ಬದುಕು ಹೇಳುತ್ತದೆ. ತೀರ್ಮಾನಕ್ಕೆ ಎರಡರ ಗುಣಲಬ್ಧ ಬೇಕು. ಖರ್ಚಿನ ಬಗ್ಗೆ, 2018ರಿಂದ ಜಾರಿಯಲ್ಲಿರುವ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ದೊರೆಯುತ್ತದೆಂದು ಸರಕಾರಿ ಆಸ್ಪತ್ರೆಯಲ್ಲಿ ಮೊದಲೇ ವಿಚಾರಿಸುವುದು ಜಾಣತನ.

ಮಾವನ ತೀರ್ಮಾನ

ಮಾವನಿಗೆ ಮೂರು ದಿನ ಮಾತ್ರೆ ಕೊಟ್ಟು ಪೈಪು ತೆಗೆದರು. ಮೂತ್ರ ಹೋಯಿತು. ವೈದ್ಯರು ಎರಡೂ ಬಗೆಯ ಮಾತ್ರೆಗಳನ್ನು ಬರೆದುಕೊಟ್ಟು ಆಯ್ಕೆಯನ್ನು ಅವರಿಗೇ ಬಿಟ್ಟರು. ಮೇಲಿನ ಅಂಕಿಗಳನ್ನು ಕಾಗದದ ಮೇಲೆ ಬರೆದು ನಾನು ವಿವರಿಸಿದೆ. ಅವರು ಕೇಳಿದ್ದು ಎರಡೇ ಪ್ರಶ್ನೆ: "ಮಾತ್ರೆ ನುಂಗುತ್ತ ಇದ್ದರೆ ಇನ್ನೊಂದು ಮಳೆಗಾಲದ ರಾತ್ರಿ ಹೀಗಾಗುವುದಿಲ್ಲ ಎಂದು ಹೇಳುತ್ತೀಯಾ?" ಹೇಳಲಾರೆ ಎಂದೆ, ಒಮ್ಮೆ ಕಟ್ಟಿದವರಿಗೆ ಮತ್ತೆ ಕಟ್ಟುವ ಸಂಭವ ಹೆಚ್ಚು. "ಕೊಯ್ಸಿಕೊಂಡರೆ ಮತ್ತೆ ಬರುವುದೇ ಇಲ್ಲವಾ?" ಕೆಲವರಿಗೆ ವರ್ಷಗಳ ಬಳಿಕ ಮತ್ತೊಮ್ಮೆ ಬೇಕಾಗುತ್ತದೆ ಎಂದೆ. ಮಳೆಗಾಲ ಮುಗಿಯುವವರೆಗೆ ಮಾತ್ರೆ, ಅಡಿಕೆ ಕೊಯ್ಲಿಗೆ ಮುಂಚೆ, ಮಗ ರಜೆಯಲ್ಲಿ ಬಂದಾಗ ಟಿಯುಆರ್‌ಪಿ ಎಂದು ಅವರು ತೀರ್ಮಾನಿಸಿದರು. ಹಾಗೆಯೇ ಆಯಿತು. ಇದೇ ಅಂಕಿಗಳನ್ನು ಕೇಳಿದ ಬ್ರಹ್ಮಾವರದ ಇನ್ನೊಬ್ಬ ಹಿರಿಯರು ಮಾತ್ರೆಯಲ್ಲೇ ಮುಂದುವರಿದಿದ್ದಾರೆ. ಇಬ್ಬರಲ್ಲಿ ಯಾರೂ ತಪ್ಪಿಲ್ಲ.

ಶಿಕ್ಷಕ ಮಿತ್ರರೇ, ಈ ವಿಷಯ ಪಠ್ಯದಲ್ಲಿ ಇಲ್ಲದಿರಬಹುದು. ಆದರೆ ಘನಫಲ, ನಾಲ್ಕನೆಯ ಘಾತ, ವಾಹಕ ಮತ್ತು ಅವಾಹಕ, ಶೇಕಡಾ ಮತ್ತು ನೈಜ ಸಂಖ್ಯೆಯ ಅಂತರ, ಇವೆಲ್ಲ ಪಠ್ಯದಲ್ಲೇ ಇವೆ. ಎಂಟಾಪ್ಸ್ ಪ್ರಯೋಗದ ಎರಡು ಸಾಲು ಅಂಕಿಗಳನ್ನು ಮಕ್ಕಳಿಂದ ಸ್ತಂಭಾಲೇಖವಾಗಿ ಬರೆಯಿಸಿ, "ನಿಮ್ಮ ಅಜ್ಜನಿಗೆ ಯಾವುದನ್ನು ಹೇಳುತ್ತೀರಿ, ಏಕೆ?" ಎಂದು ಕೇಳಿ ನೋಡಿ. ಅಜ್ಜನ ಮನೆ ಎಲ್ಲಿದೆ, ರಾತ್ರಿ ಜೊತೆಗೆ ಯಾರಿರುತ್ತಾರೆ ಎಂದು ಮರುಪ್ರಶ್ನೆ ಹಾಕುವ ವಿದ್ಯಾರ್ಥಿಗೆ ಪೂರ್ಣಾಂಕ ಕೊಡಿ.

ಮಾವ ಈ ಬಾರಿ ಮೇಳದ ಆಟಕ್ಕೆ ಹೋಗಿದ್ದರು. ರಾತ್ರಿಯಿಡೀ ಒಮ್ಮೆ ಮಾತ್ರ ಎದ್ದರಂತೆ; ಅದೂ ಚಹಾಕ್ಕೆ.